ಗಿಳಿ ಚಿತ್ರದ ಉಪ್ಪು

ಬಸ್ಸು ತೊಪ್ಪೂರಿನ ಏರು ಹತ್ತುವಾಗ ಒಂದೊಂದು ತಿರುವಿಗೂ ನನ್ನ ತೊಡೆಯ ಮೇಲಿನ ಹಳದಿ ಪೊಟ್ಟಣ ಸರಕ್ ಸರಕ್ ಎನ್ನುತ್ತದೆ. ಒಳಗಿರುವುದು ಕಲ್ಲುಪ್ಪು. ಪೊಟ್ಟಣದ ಮೇಲೆ ಒಂದು ಹಸಿರು ಗಿಳಿ ನಗುತ್ತಿದೆ. ಕೊಕ್ಕಿನಲ್ಲಿ ನಗು ಹೇಗೆ ಬರುತ್ತದೆ ಎಂದು ಕೇಳಬೇಡಿ, ಬಿಡಿಸಿದವನು ಹೇಗೋ ತಂದಿದ್ದಾನೆ. ಇದನ್ನು ಬ್ಯಾಗಿನೊಳಗೆ ಹಾಕಿಡಬಹುದಿತ್ತು. ಆದರೆ ಕಣ್ಣೆದುರೇ ಇರಲಿ ಅನ್ನಿಸಿತು. ಸೇಲಂನಲ್ಲಿ ಬಸ್ಸು ಹತ್ತಿದಾಗಿನಿಂದ ಇದರ ಮೇಲಿನ ಅಕ್ಷರಗಳನ್ನು ಆರು ಸಲ ಓದಿದ್ದೇನೆ. ಆರು ಸಲವೂ ಉಪ್ಪು ಎಂದೇ ಇದೆ.

ಈ ಸದ್ದು ಕೇಳಿದರೆ ಸಾಕು, ನಾನು ಮತ್ತೆ ಆ ಅಂಗಡಿಯೊಳಗೆ ನಿಂತಿರುತ್ತೇನೆ.

ಅಂತಹ ಅಂಗಡಿಯನ್ನು ನೀವೂ ನೋಡಿರಬಹುದು. ಹೆಸರಾಂತ ಕಂಪನಿಗಳ ಸಾಮಾನು ಅಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಬೇಳೆಯಿಂದ ಪೊರಕೆಯವರೆಗೆ ಎಲ್ಲವೂ ಅಂಗಡಿಯ ಸ್ವಂತ ಹೆಸರಿನಲ್ಲೇ ಬರುತ್ತವೆ. ಅದಕ್ಕೇ ಅಗ್ಗ. ಕಾರ್ಡ್‌ಬೋರ್ಡ್ ಡಬ್ಬದ ಮುಂಭಾಗ ಹರಿದು, ಡಬ್ಬದ ಸಮೇತ ಸಾಮಾನನ್ನು ಹಲಗೆಯ ಮೇಲೆ ಇಟ್ಟಿರುತ್ತಾರೆ. ಬನ್ನಿ ಎಂದು ಕರೆಯುವವರಿಲ್ಲ, ಏನು ಬೇಕೆಂದು ಕೇಳುವವರೂ ಇಲ್ಲ. ಸೇಲಂನ ನಮ್ಮ ಬೀದಿಯವರು ಅದನ್ನು ಗಿಳಿ ಅಂಗಡಿ ಎನ್ನುತ್ತಾರೆ. ಅಕ್ಕಿಯ ಮೇಲೆ ಗಿಳಿ, ಸೋಪಿನ ಮೇಲೆ ಗಿಳಿ, ಊದುಬತ್ತಿಯ ಮೇಲೆ ಅದೇ ಗಿಳಿ. ಎಲ್ಲಕ್ಕೂ ಒಂದೇ ಹಳದಿ. ಮಧ್ಯಾಹ್ನದ ಹೊತ್ತು ಜನವಿಲ್ಲದಾಗ ಆ ಸಾಲುಗಳ ನಡುವೆ ನಡೆದರೆ, ಮಾರಂಡಹಳ್ಳಿ ಕಡೆ ಹುಚ್ಚೆಳ್ಳು ಹೂ ಬಿಟ್ಟ ಹೊಲದಲ್ಲಿ ನಡೆದಂತಾಗುತ್ತದೆ. ಕಾಲು ತಾನಾಗಿ ನಿಧಾನವಾಗುತ್ತದೆ, ಮನಸ್ಸು ಎಲ್ಲೋ ಹೋಗುತ್ತದೆ. ನನ್ನದು ಮೊದಲೇ ಹೋಗುವ ಜಾತಿಯದು.

ದೊಡ್ಡವ್ವನನ್ನು ಅಲ್ಲಿಗೆ ಮೊದಲು ಕರೆದುಕೊಂಡು ಹೋದವನು ನಾನೇ. ನನ್ನ ತಾಯಿಯ ಅಕ್ಕ ಆಕೆ. ಮಾರಂಡಹಳ್ಳಿಯಿಂದಾಚೆ ಒಂದು ಹಳ್ಳಿಯಲ್ಲಿ ನಲವತ್ತು ಕುರಿ ಸಾಕಿಕೊಂಡಿದ್ದಾಳೆ. ಶಾಲೆಯ ರಜೆಗಳನ್ನೆಲ್ಲ ನಾನು ಕಳೆದದ್ದು ಆಕೆಯ ಕುರಿಗಳ ಹಿಂದೆ. ಈಗಲೂ ವರ್ಷಕ್ಕೆ ಒಂದೆರಡು ಸಲ ಕುರಿಗಳನ್ನು ತನ್ನ ಮೈದುನನಿಗೆ, ನಾನು ಚಿಕ್ಕಪ್ಪ ಎಂದು ಕರೆಯುವವನಿಗೆ, ಒಪ್ಪಿಸಿ ನಾಲ್ಕು ದಿನ ನಮ್ಮ ಮನೆಗೆ ಬರುತ್ತಾಳೆ. ಓದು ಬರಹ ಯಾವ ಭಾಷೆಯಲ್ಲೂ ಇಲ್ಲ. ಊರಿನ ಅಂಗಡಿಯಲ್ಲಿ ಆಕೆ ಬಣ್ಣ, ಚಿತ್ರ ಹೇಳಿ ಸಾಮಾನು ಕೇಳುತ್ತಾಳೆ: ಕೆಂಪು ಕವರಿನ ಟೀ ಪುಡಿ, ದೀಪದ ಚಿತ್ರದ ಎಣ್ಣೆ. ಗಿಳಿ ಅಂಗಡಿಯಲ್ಲಿ ಆ ವಿದ್ಯೆ ನಡೆಯಲಿಲ್ಲ. ಮೊದಲ ದಿನ ಬಾಗಿಲಲ್ಲೇ ನಿಂತು ಸೊಂಟದ ಮೇಲೆ ಕೈಯಿಟ್ಟುಕೊಂಡಳು.

"ಏನ್ ಮಗಾ, ಎಲ್ಲಾವೂ ಒಂದೇ ಬಟ್ಟೆ ಉಟ್ಕಂಡು ಕುಂತವೆ! ಯಾವ್ದು ಏನಂತ ಎಂಗ್ಲಾ ಗೊತ್ತಾಗಾದು?"

"ಓದ್ಬೇಕು ದೊಡ್ಡವ್ವಾ."

"ಓದಾಕೆ ನೀನಿಲ್ವಾ? ಕಾಲೇಜ್ಗೆ ಸುಮ್ನೆ ಓಗಿದ್ದಾ?"

ಸುಮ್ಮನೆ ಹೋಗಿರಲಿಲ್ಲ. ಮೂರು ವರ್ಷ ರಸಾಯನಶಾಸ್ತ್ರ ಓದಿದೆ. ಈಗ ಒಂದು ಸಬ್ಬಕ್ಕಿ ಮಿಲ್ಲಿನಲ್ಲಿ ಹಿಟ್ಟಿನ ತೇವ ಎಷ್ಟು, ಬಿಳುಪು ಎಷ್ಟು ಎಂದು ಪರೀಕ್ಷಿಸುವುದು ನನ್ನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಬಿಳಿಯ ವಸ್ತುಗಳನ್ನು ನೋಡುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಬರಬರುತ್ತ ದೊಡ್ಡವ್ವನಿಗೆ ಆ ಅಂಗಡಿ ಹಿಡಿಸಿತು. ಎಲ್ಲದರ ಮೇಲೂ ಗಿಳಿ ಇದ್ದದ್ದೇ ಆಕೆಗೆ ಧೈರ್ಯವಾಯಿತು. "ಒಂದೇ ಮನೇರು ಮಾಡಿರಾ ಸಾಮಾನು. ಮೋಸ ಇರಾಕಿಲ್ಲ" ಎನ್ನುತ್ತಿದ್ದಳು. ಎಲ್ಲಕ್ಕಿಂತ ಇಷ್ಟವಾದದ್ದು ಮೂಲೆಯಲ್ಲಿದ್ದ ದೊಡ್ಡ ತಂತಿ ಬುಟ್ಟಿ. ಮೂಲೆ ಜಜ್ಜಿದ ಡಬ್ಬಿ, ಸುಕ್ಕಾದ ಪೊಟ್ಟಣಗಳನ್ನು ಇನ್ನೂ ಅಗ್ಗಕ್ಕೆ ಹೋಗಲೆಂದು ಅದರಲ್ಲಿ ಒಟ್ಟಿಗೆ ತುಂಬಿಡುತ್ತಿದ್ದರು. ಕುಂಟು ಮರಿಗಳನ್ನು ಸವರುವಂತೆ ಅವನ್ನು ಒಂದೊಂದಾಗಿ ಎತ್ತಿ, ಸುಕ್ಕು ತೀಡಿ, ಮತ್ತೆ ಇಡುತ್ತಿದ್ದಳು.

ಇಲ್ಲಿ ಕುರಿಗೆ ಉಪ್ಪು ಕೊಡುವ ಕ್ರಮವನ್ನು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ದೊಡ್ಡವ್ವನ ಹಟ್ಟಿಯ ಮುಂದೆ ಒಂದು ಚಪ್ಪಟೆ ಕಲ್ಲಿದೆ. ನಡುವೆ ಬಟ್ಟಲಿನಷ್ಟು ತಗ್ಗು. ಎಷ್ಟು ತಲೆಮಾರಿನ ಕುರಿಗಳು ನೆಕ್ಕಿ ಆ ತಗ್ಗಾಯಿತೋ ಯಾರಿಗೂ ಗೊತ್ತಿಲ್ಲ. ವಾರಕ್ಕೊಮ್ಮೆ ಅದರಲ್ಲಿ ಕಲ್ಲುಪ್ಪು ಸುರಿಯುತ್ತಾರೆ. ಸುರಿಯುವ ಮುಂಚೆ, ಉಪ್ಪು ತಂದವರು ಎರಡು ಕಾಳು ತಮ್ಮ ನಾಲಿಗೆಯ ಮೇಲಿಟ್ಟುಕೊಂಡು, ಅದು ಕರಗುವವರೆಗೆ ಸುಮ್ಮನೆ ನಿಲ್ಲಬೇಕು. ಅಷ್ಟು ಹೊತ್ತು ಮಾತಾಡುವಂತಿಲ್ಲ. ಕುರಿಗಳು ಕತ್ತು ಚಾಚಿ ಕಾಯುತ್ತವೆ. ಚಿಕ್ಕಂದಿನಲ್ಲಿ ನಾನು, "ಯಾಕೆ ದೊಡ್ಡವ್ವಾ, ಉಪ್ಪು ಉಪ್ಪಾಗೇ ಇರುತ್ತಲ್ಲ?" ಎಂದು ಕೇಳಿದ್ದೆ. ಆಕೆ ಬಾಯಿ ಮುಚ್ಚಿಕೊಂಡೇ ನನ್ನ ತಲೆಗೆ ಮೊಟಕಿ, ಕಾಳು ಕರಗಿದ ಮೇಲೆ ಹೇಳಿದಳು: "ಅವಕ್ಕೆ ಬಾಯಿಲ್ಲ ಕಣ್ಲಾ. ಏನ್ ಇಕ್ಕಿದ್ರೂ ನಂಬ್ತವೆ."

ಎರಡು ತಿಂಗಳ ಹಿಂದೆ ಊರಿಗೆ ಹೊರಡುವ ದಿನ, ಕುರಿಗೆ ಉಪ್ಪು ಬೇಕೆಂದು ದೊಡ್ಡವ್ವ ಗಿಳಿ ಅಂಗಡಿಗೆ ಹೊರಟಳು. ನಾನೂ ಹೋದೆ. ಮಧ್ಯಾಹ್ನದ ಹೊತ್ತು, ಫ್ಯಾನುಗಳ ಸದ್ದು ಬಿಟ್ಟರೆ ಒಳಗೆ ಏನೂ ಇಲ್ಲ. ಆಕೆ ನೇರ ತನ್ನ ಬುಟ್ಟಿಯ ಬಳಿ ಹೋದಳು. ನಾನು ಬಿಸ್ಕತ್ತಿನ ಸಾಲಿನಲ್ಲಿದ್ದೆ. ಗಿಳಿ ಬಿಸ್ಕತ್ತಿನಲ್ಲಿ ಎರಡು ಬಗೆ, ಎರಡೂ ಒಂದೇ ರುಚಿ. ಆದರೂ ಯಾವುದು ಕೊಳ್ಳಲಿ ಎಂದು ನಾನು ಬಹಳ ಹೊತ್ತು ಯೋಚಿಸುತ್ತೇನೆ. ಯೋಚಿಸುತ್ತ ಕನಸಿಗೆ ಜಾರಿದ್ದೆ.

"ಮಗಾ, ಇದು ಉಪ್ಪೇನ್ಲಾ? ನೋಡು, ಮುತ್ತಿನಂಗೆ ಎಷ್ಟ್ ಚಂದಾಗೈತೆ!"

ತಲೆಯೆತ್ತಿ ನೋಡಿದೆ. ದೂರದಲ್ಲಿ ಹಳದಿ ಪೊಟ್ಟಣ, ಒಳಗಿನದು ಕಾಣಲೆಂದು ಬಿಟ್ಟಿರುವ ಪ್ಲಾಸ್ಟಿಕ್ ಕಿಂಡಿಯಲ್ಲಿ ಬಿಳಿ ಕಾಳು. "ಹೂಂ ದೊಡ್ಡವ್ವಾ, ಉಪ್ಪೇ" ಎಂದೆ.

ಹೇಳುತ್ತಿದ್ದಂತೆಯೇ ಮನಸ್ಸಿನ ಯಾವುದೋ ಮೂಲೆಯಲ್ಲಿ ಒಂದು ಮಾತು ಎದ್ದಿತು: ಕಲ್ಲುಪ್ಪು ದುಂಡಗಿರುವುದಿಲ್ಲ. ಅದಕ್ಕೆ ಮೂಲೆಗಳಿರುತ್ತವೆ. ಮುತ್ತಿನಂತೆ ದುಂಡಗಿರುವ ಬಿಳಿ ಕಾಳನ್ನು ನಾನು ಕಾಲೇಜಿನ ಪ್ರಯೋಗಶಾಲೆಯಲ್ಲಿ ಕೈಗವಸು ಹಾಕಿಕೊಂಡು ಚಮಚದಲ್ಲಿ ತೆಗೆದಿದ್ದೇನೆ. ಕಾಸ್ಟಿಕ್ ಸೋಡಾ. ಕಟ್ಟಿಕೊಂಡ ಮೋರಿಗೆ ಸುರಿಯುವಂಥದ್ದು. ಕೂದಲು, ಕೊಬ್ಬು, ಚರ್ಮ, ಏನು ಸಿಕ್ಕರೂ ಕರಗಿಸುತ್ತದೆ.

ಬಿಸ್ಕತ್ತಿನ ಸಾಲಿನಿಂದ ಬುಟ್ಟಿಗೆ ಹದಿನೈದು ಹೆಜ್ಜೆಯಿರಬಹುದು. ನಾನು ಆ ಹದಿನೈದು ಹೆಜ್ಜೆಗಳನ್ನು ಇವತ್ತಿಗೂ ನಡೆಯುತ್ತಿದ್ದೇನೆ. ಕೆಲವು ಸಲ ಹಳದಿ ಹೊಲದಲ್ಲಿ ಮೊಣಕಾಲುದ್ದ ಹೂವಿನ ನಡುವೆ ಓಡುತ್ತೇನೆ, ಹೂ ಕಾಲಿಗೆ ತೊಡರುತ್ತದೆ. ಕೆಲವು ಸಲ ಸಮಯಕ್ಕೆ ಸರಿಯಾಗಿ ತಲುಪಿ ಆಕೆಯ ಕೈ ಹಿಡಿದುಬಿಡುತ್ತೇನೆ. ಅಂದು ತಲುಪಲಿಲ್ಲ. ನಾನು "ಬ್ಯಾಡ!" ಎಂದು ಕೂಗುವ ಹೊತ್ತಿಗೆ ದೊಡ್ಡವ್ವ ಉಗುರಿನಿಂದ ಪೊಟ್ಟಣದ ಮೂಲೆ ಸೀಳಿ, ಎರಡು ಕಾಳು ನಾಲಿಗೆಯ ಮೇಲಿಟ್ಟುಕೊಂಡು, ಬಾಯಿ ಮುಚ್ಚಿ, ಕಾಯುತ್ತ ನಿಂತಿದ್ದಳು. ಅಂಗಡಿಯಲ್ಲಿ ಯಾರು ಹಾಗೆ ಮಾಡುತ್ತಾರೆ ಹೇಳಿ? ಕುರಿಯವರನ್ನು ಬಿಟ್ಟು ಬೇರೆ ಯಾರೂ ಮಾಡುವುದಿಲ್ಲ.

ಆಕೆ ಕಿರುಚಲಿಲ್ಲ. ಕಣ್ಣು ಅರಳಿದವು. ನಾಲಿಗೆ ಹೊರಗೆ ಬಂತು. ಬಿಲ್ ಹಾಕುವ ಅಕ್ಕ ನನ್ನ ಕೂಗಿಗೆ ಎದ್ದು ಓಡಿಬಂದವಳು ಕೆಳಗೆ ಬಿದ್ದ ಪೊಟ್ಟಣ ನೋಡಿ, "ಐಯೋ ಅಮ್ಮಾ, ಮುಳುಂಗಾದೀಂಗ! ತುಪ್ಪುಂಗ, ತುಪ್ಪುಂಗ!" ಎಂದು ತಮಿಳಿನಲ್ಲಿ ಅರಚಿದಳು. ನುಂಗಬೇಡಿ, ಉಗಿಯಿರಿ. ದೊಡ್ಡವ್ವ ಉಗಿದಳು. ಕ್ಯಾಶ್ ಮೇಜಿನ ಹಿಂದಿದ್ದ ನೀರಿನ ಕ್ಯಾನನ್ನು ನಾವಿಬ್ಬರೂ ಹೊತ್ತು ತಂದೆವು. ಆ ಅಕ್ಕ ಲೋಟ ಲೋಟ ಬಗ್ಗಿಸಿದಳು, ನಾನು ದೊಡ್ಡವ್ವನ ತಲೆ ಹಿಡಿದು ಬಾಯಿ ಮುಕ್ಕಳಿಸುವಂತೆ ಮಾಡಿದೆ. ಕ್ಯಾನು ಖಾಲಿಯಾಗುವವರೆಗೂ ನಿಲ್ಲಿಸಲಿಲ್ಲ. ನೀರೆಲ್ಲ ಹರಿದು ಹಳದಿ ಡಬ್ಬಗಳ ಕೆಳಗೆ ಹೋಯಿತು. ಅಷ್ಟರ ನಡುವೆಯೂ ದೊಡ್ಡವ್ವ ಆ ಅಕ್ಕನ ಒದ್ದೆ ಸೀರೆಯನ್ನು ತೋರಿಸಿ ಏನೋ ಸನ್ನೆ ಮಾಡುತ್ತಿದ್ದಳು. ಸೀರೆ ಎತ್ತಿ ಕಟ್ಟಿಕೋ ಎಂದು.

ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ಡಾಕ್ಟರು ಟಾರ್ಚ್ ಹಿಡಿದು ಬಹಳ ಹೊತ್ತು ನೋಡಿದರು. ಗಂಟಲಿಗೆ ಇಳಿದಿಲ್ಲ ಎಂದರು. ಇಳಿದಿದ್ದರೆ ಏನಾಗುತ್ತಿತ್ತು ಎಂಬುದನ್ನೂ ಹೇಳಿದರು, ಅದನ್ನು ಇಲ್ಲಿ ಬರೆಯುವುದಿಲ್ಲ. ಮೂರು ವಾರ ಆಕೆ ಗಂಜಿ, ಮಜ್ಜಿಗೆ ಕುಡಿದುಕೊಂಡು ನಮ್ಮ ಮನೆಯಲ್ಲಿದ್ದಳು. ನಾಲಿಗೆಯ ಮೇಲೆ ಉಗುರಿನಷ್ಟು ಅಗಲದ ಬಿಳಿ ಗುರುತು ಉಳಿಯಿತು. ರುಚಿ ಮಾತ್ರ ಹಿಂದಿರುಗಲಿಲ್ಲ. ಹುಳಿ, ಖಾರ ಮಂಕಾಗಿ ತಿಳಿಯುತ್ತದಂತೆ, ಉಪ್ಪು ತಿಳಿಯುವುದೇ ಇಲ್ಲ.

ಆ ಮೂರು ವಾರ ನಾನು ಆಕೆಯ ಮುಖ ನೋಡಿ ಮಾತಾಡಲಿಲ್ಲ. ರಾತ್ರಿ ಒಂದೇ ಕನಸು. ಆಕೆ ಅಂಗಡಿಯಲ್ಲಿ ನಾಲಿಗೆಗೆ ಇಟ್ಟುಕೊಳ್ಳುವುದಿಲ್ಲ, ಆ ಪೊಟ್ಟಣ ಊರಿಗೆ ಹೋಗುತ್ತದೆ. ಚಪ್ಪಟೆ ಕಲ್ಲಿನ ಸುತ್ತ ನಲವತ್ತು ಕುರಿ. ಒಂದೂ ಸದ್ದು ಮಾಡುವುದಿಲ್ಲ. ಕೊನೆಗೆ ಆಕೆ ಊರಿಗೆ ಹೊರಟ ದಿನ ಬಸ್ ಸ್ಟ್ಯಾಂಡಿನಲ್ಲಿ ತಡೆಯಲಾರದೆ ಹೇಳಿದೆ: "ದೊಡ್ಡವ್ವಾ, ನೀನು ಕೇಳಿದಾಗ ನಾನೇ ಹೂಂ ಅಂದಿದ್ದು. ಓದದೇ ಅಂದೆ."

ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದಳು: "ಗೊತ್ತು ಕಣ್ಲಾ, ಕೇಳ್ತು. ಯಾರು ಹೂಂ ಅಂದ್ರೂ ನಾಲ್ಗೆ ಮ್ಯಾಲೆ ಇಕ್ಕಬೇಕು. ಅದಕ್ಕೇ ಇಕ್ಕಿದ್ದು." ಆಮೇಲೆ ಒಂದು ನಗು. "ಓದಿರೋನು ಹೂಂ ಅಂದ್ರೆ ಎಲ್ಡು ಸಲ ಇಕ್ಕಬೇಕು."

ಬೈದಿದ್ದರೆ ಒಳ್ಳೆಯದಿತ್ತು.

ನಿನ್ನೆ ಆಕೆಯ ಫೋನ್ ಬಂತು. ಕುರಿಗಳು ಗೋಡೆಯ ಮಣ್ಣು ನೆಕ್ಕುತ್ತಿವೆಯಂತೆ. ಎರಡು ತಿಂಗಳಿಂದ ಉಪ್ಪು ಕೊಟ್ಟಿಲ್ಲ.

"ಯಾಕ್ ದೊಡ್ಡವ್ವಾ? ಚಿಕ್ಕಪ್ಪ ಇದ್ದಾನಲ್ಲ?"

"ಅವ್ನು ನಗ್ತಾನೆ. ಕವರ್ ಮ್ಯಾಲೆ ಬರ್ದೈತೆ, ನಾಲ್ಗೆ ಯಾಕೆ ಅಂತಾನೆ. ಅಂಥೋನ್ ಕೈಲಿ ನಾನ್ ಸುರಿಸಾಕಿಲ್ಲ. ನನ್ನ ನಾಲ್ಗೆಗೆ ಈಗ ಉಪ್ಪು ಗೊತ್ತಾಗಾಕಿಲ್ಲ. ಗೊತ್ತಾಗ್ದಿರಾ ನಾಲ್ಗೆ ಇಕ್ಕಂಡು ಎಂಗ್ಲಾ ಸುರೀಲಿ?" ಆಮೇಲೆ, "ನೀನು ಬಾ ಮಗಾ. ಉಪ್ಪು ನೀನೇ ತತ್ತಾ" ಎಂದಳು.

ಇವತ್ತು ಬೆಳಿಗ್ಗೆ, ಎರಡು ತಿಂಗಳ ಮೇಲೆ, ಗಿಳಿ ಅಂಗಡಿಗೆ ಹೋದೆ. ಬೇರೆ ಅಂಗಡಿಗೆ ಹೋಗಬಹುದಿತ್ತು, ಕಾಲು ಅತ್ತಲೇ ಎಳೆಯಿತು. ಮೂಲೆಯಲ್ಲಿ ತಂತಿ ಬುಟ್ಟಿ ಹಾಗೇ ಇದೆ. ಮೋರಿಗೆ ಹಾಕುವುದನ್ನು ಈಗ ಗಾಜಿನ ಬಾಗಿಲಿನ ಬೀರುವಿನಲ್ಲಿ ಇಟ್ಟಿದ್ದಾರೆ. ಬಿಲ್ ಹಾಕುವ ಅಕ್ಕ ನನ್ನನ್ನು ಗುರುತಿಸಿ, "ಅಮ್ಮಾ ನಲ್ಲಾ ಇರುಕ್ಕಾಂಗಳಾ?" ಎಂದು ಕೇಳಿದಳು. ಚೆನ್ನಾಗಿದ್ದಾರೆ ಎಂದೆ. ಅವಳು ಉಪ್ಪಿನ ಪೊಟ್ಟಣವನ್ನು ಯಂತ್ರಕ್ಕೆ ತೋರಿಸುವ ಮುನ್ನ ತಿರುಗಿಸಿ ಮೇಲಿನ ಅಕ್ಷರ ಓದಿದಳು. ನಾನೂ ಓದಿದೆ. ಯಾರೂ ನಗಲಿಲ್ಲ.

ಮಾರಂಡಹಳ್ಳಿಯಲ್ಲಿ ಇಳಿದು, ಟೌನ್ ಬಸ್ ಹಿಡಿದು, ಹಟ್ಟಿ ಸೇರುವಾಗ ಬಿಸಿಲು ವಾಲಿತ್ತು. ದೊಡ್ಡವ್ವ ಕಲ್ಲಿನ ಪಕ್ಕದಲ್ಲೇ ಕೂತಿದ್ದಳು. ಪೊಟ್ಟಣದ ಸದ್ದು ಕೇಳಿ ಕುರಿಗಳ ಕಿವಿ ನೆಟ್ಟಗಾದವು. ನಾನು ಏಳನೆಯ ಸಲ ಓದಿದೆ. ಮೂಲೆ ಸೀಳಿ ಅಂಗೈಗೆ ಸುರಿದುಕೊಂಡೆ. ಮೂಲೆಮೂಲೆಯ, ಒರಟು, ಮಣ್ಣಿನ ಬಣ್ಣ ಬೆರೆತ ಕಾಳುಗಳು. ಚಂದವೇನೂ ಇಲ್ಲ. ಎರಡನ್ನು ನಾಲಿಗೆಯ ಮೇಲಿಟ್ಟು ಬಾಯಿ ಮುಚ್ಚಿದೆ.

ಎಷ್ಟು ಗೊತ್ತಿದ್ದರೇನು, ಎದೆ ಹೊಡೆದುಕೊಂಡಿತು. ಆಕೆ ಪ್ರತಿ ವಾರ ಹೀಗೆ ನಿಲ್ಲುತ್ತಿದ್ದಳೆ? ಕುರಿಗಳು ಕತ್ತು ಚಾಚಿ ನನ್ನ ಮುಖವನ್ನೇ ನೋಡುತ್ತಿದ್ದವು. ದೊಡ್ಡವ್ವನೂ ನೋಡುತ್ತಿದ್ದಳು. ಕಾಳು ನಿಧಾನವಾಗಿ ಮೂಲೆ ಕಳೆದುಕೊಂಡು, ನೀರಾಗಿ, ಬಾಯೆಲ್ಲ ತುಂಬಿತು.

"ಏನ್ಲಾ?"

ಪೂರ್ತಿ ಕರಗುವವರೆಗೆ ನಾನು ಬಾಯಿ ಬಿಡಲಿಲ್ಲ.

"ಹೂಂ ದೊಡ್ಡವ್ವಾ," ಎಂದೆ, "ಉಪ್ಪೇ."

ಆಕೆ ಸರಿದು ಕುರಿಗಳಿಗೆ ದಾರಿ ಬಿಟ್ಟಳು.