ಬೆಂಜೀನ್ ಸೋಮವಾರ ಎಂದಿದ್ದಿರಿ, ಅಂಗಡಿ ಮೇಡಂ

ನನಗೆ ಟೀಚರ್ ಕೆಲಸ ಸಿಕ್ಕಿತು!!! ಹೈಸ್ಕೂಲಿಗೆ, ಸೈನ್ಸ್ ಟೀಚರ್!!!

ಇವತ್ತು ಬೆಳಿಗ್ಗೆ ಮೇಲ್ ಬಂದ ಕೂಡಲೇ ಫೋನಿನಲ್ಲಿ ಹೀಗೇ ಕಿರುಚಿದೆ...
ಗಂಡ, ನನ್ನ ಹಬ್ಬಿಗೂ ಹೇಳುವ ಮೊದಲು...
ಹೈಸ್ಕೂಲಿನಲ್ಲಿ ನನಗೆ ಸೈನ್ಸ್ ಕಲಿಸಿದ, ಧಾರವಾಡದ ನಮ್ಮ ಅಂಗಡಿ ಮೇಡಂ (ಅಂಗಡಿ ಅವರ ಮನೆತನದ ಹೆಸರು) ನಂಬರಿಗೆ.


ಫೋನ್ ಎತ್ತಿದ್ದು ಅವರ ಮಗಳು ವಿದ್ಯಾ ಅಕ್ಕ...
“ಅವ್ವ ಇಲ್ಲ ಪೂಜಾ... ನಸುಕಿನ್ಯಾಗ ಹೋಗಿಬಿಟ್ಲು. ಮಲಗಿದಾಕಿ ಏಳಲೇ ಇಲ್ಲ.”

ನಂಬಲು ಆಗುತ್ತಿಲ್ಲ ಫ್ರೆಂಡ್ಸ್.
ನಿನ್ನೆ ಸಂಜೆಯಷ್ಟೇ “ಇಂಟರ್‌ವ್ಯೂದು ಏನಾತವಾ? ಲಗೂನ ಹೇಳು” ಎಂದು ಮೆಸೇಜ್ ಮಾಡಿದ್ದರು.
ಇವತ್ತು ಹೇಳಲು ನನ್ನ ಹತ್ತಿರ ಸುದ್ದಿ ಇದೆ... ಕೇಳಲು ಅವರಿಲ್ಲ...

ಅವರನ್ನು ನೋಡದವರಿಗೆ ಹೇಗೆ ಹೇಳಲಿ!
ಎಲ್ಲರೂ ಹತ್ತನೇ ಕ್ಲಾಸಿನ ಸೈನ್ಸನ್ನು ಒಂದನೇ ಪಾಠದಿಂದ ಶುರು ಮಾಡಿದರೆ, ಮೇಡಂ ಜೂನ್‌ನಲ್ಲಿ ತೆರೆಯುತ್ತಿದ್ದದ್ದೇ ನಾಲ್ಕನೆಯದು. ಕಾರ್ಬನ್ ಮತ್ತು ಅದರ ಸಂಯುಕ್ತಗಳು.
ಹೆಡ್‌ಮಾಸ್ಟರ್ ಕೇಳಿದರೆ ಒಂದೇ ಉತ್ತರ.
“ಮೊದಲನೇ ದಿನಾನ ಹೆದರಿದ್ರ ಮಕ್ಕಳು ವರ್ಷಪೂರ್ತಿ ಹೆದರ್ತಾವ್ರಿ ಸರ. ಕಾರ್ಬನ್ ಯಾರನ್ನೂ ಹೆದರಸಂಗಿಲ್ಲ. ಎಲ್ಲಾರ ಕೈ ಹಿಡೀತೈತಿ.”

ಇಂಗ್ಲಿಷ್ ಮೀಡಿಯಂನ ನಾವು “ಕ್ಯಾಟಿನೇಶನ್” (ಕಾರ್ಬನ್‌ಗಳು ಸರಪಳಿಯಂತೆ ಕೂಡಿಕೊಳ್ಳುವುದು) ಎಂಬ ಪದದ ಸ್ಪೆಲ್ಲಿಂಗ್ ಉರು ಹೊಡೆಯುತ್ತಾ ಕೂತಿದ್ದೆವು.
ಮೇಡಂ ಪುಸ್ತಕ ಮುಚ್ಚಿಸಿ ಎಲ್ಲರನ್ನೂ ಗ್ರೌಂಡಿಗೆ ಕರೆದುಕೊಂಡು ಹೋದರು!

ಎತ್ತರದವರು ಒಬ್ಬೊಬ್ಬರೂ ಒಂದೊಂದು ಕಾರ್ಬನ್.
ಎರಡು ಕೈ... ಸೊಂಟಕ್ಕೆ ಸಿಕ್ಕಿಸಿದ ಎರಡು ಕರ್ಚೀಫು... ಒಟ್ಟು ನಾಲ್ಕು ಬಾಂಡ್.
ಕುಳ್ಳಗಿದ್ದವರು ಹೈಡ್ರೋಜನ್. ಅವರದು ಒಂದು ಕೈ ಬೆನ್ನ ಹಿಂದೆ.
ಹುಡುಗರು ಹುಡುಗಿಯರ ಕೈ ಹಿಡಿಯಲು ನಾಚಿ ಸಾಯುತ್ತಿದ್ದರು. “ಕರ್ಚೀಫ್ ಹಿಡೀರಲಾ, ಅದಕ್ಕ ಇಟ್ಟೇನಿ!” ಎಂದು ನಗುತ್ತಿದ್ದರು ಮೇಡಂ.

ಆರು ಜನ ಕಾರ್ಬನ್‌ಗಳು ಉಂಗುರದಂತೆ ಸುತ್ತು ನಿಂತು ಬೆಂಜೀನ್ ಮಾಡಿದ ದಿನವಂತೂ...
ಪಿಟಿ ಸರ್ ಸೀಟಿ ಊದುತ್ತಾ ಓಡಿ ಬಂದರು.
“ಕ್ಲಾಸ್ ಬಿಟ್ಟು ಕೈ ಕೈ ಹಿಡಕೊಂಡು ಏನ್ ಫುಗಡಿ ಆಡಾಕತ್ತೀರಿ?”
“ಫುಗಡಿ ಅಲ್ರಿ ಸರ, ಬೆಂಜೀನ್! ಸೀಟಿ ಊದಬ್ಯಾಡ್ರಿ, ಹುಡುಗ್ರು ಬೆದರಿ ಬಾಂಡ್ ಬಿಡತಾವ!”
ಪರೀಕ್ಷೆಯಲ್ಲಿ ಬೆಂಜೀನ್ ಚಿತ್ರವನ್ನು ನಮ್ಮ ಕ್ಲಾಸಿನ ಒಬ್ಬರೂ ತಪ್ಪು ಬರೆಯಲಿಲ್ಲ.

ಮೇಡಂ... ಕೇಳುತ್ತಿದ್ದೀರಾ?
ಮೇ ತಿಂಗಳಲ್ಲಿ ನನ್ನ ಮದುವೆಗೆ ಬಂದಿರಿ. ಅಕ್ಷತೆ ಹಾಕಿ ಸುಮ್ಮನೆ ಇಳಿಯಲಿಲ್ಲ ನೀವು!
ಕಾಮರ್ಸ್ ಓದಿದ ನನ್ನ ಹಬ್ಬಿಗೆ ಸ್ಟೇಜ್ ಮೇಲೆಯೇ ಪಾಠ...
“ನೋಡಪಾ, ಕಾರ್ಬನ್ ತನ್ನ ಎಲೆಕ್ಟ್ರಾನ್ ಬಿಟ್ಟೂ ಕೊಡಂಗಿಲ್ಲ, ಇನ್ನೊಬ್ರದು ಕಸ್ಗೊಳ್ಳಂಗೂ ಇಲ್ಲ. ಹಂಚ್ಕೊಂಡು ಬಾಳೇವು ಮಾಡತೈತಿ.”
ಅವರು “ಅಂದರೆ ಪಾರ್ಟ್‌ನರ್‌ಶಿಪ್ ಡೀಡ್ ಮೇಡಂ?” ಎಂದಾಗ ನೀವು ನಕ್ಕ ನಗು ವಿಡಿಯೋದಲ್ಲಿದೆ...
ಇವತ್ತು ಅದನ್ನೇ ಮತ್ತೆ ಮತ್ತೆ ಹಾಕಿ ನೋಡುತ್ತಿದ್ದೇನೆ.

ನಿಮ್ಮನ್ನು ಕೊನೆಯ ಸಲ ನೋಡಲು ಬರಲಾಗಲಿಲ್ಲ ಮೇಡಂ.
ಬ್ಯಾಗ್ ಹಿಡಿದು ನಿಂತಿದ್ದೆ. ನಮ್ಮ ಅತ್ತೆ ತಡೆದರು.
“ಮದುವೆಯಾಗಿ ವರ್ಷ ತುಂಬಿಲ್ಲ, ಸಾವಿನ ಮನೆಗೆ ಹೋಗಬಾರದು ಕಣಮ್ಮ.”
ತುಮಕೂರಿನ ಈ ಮನೆಯಲ್ಲಿ ನಾನಿನ್ನೂ ಹೊಸಬಳು... ವಾದ ಮಾಡಲಿಲ್ಲ. ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ.

ಮಧ್ಯಾಹ್ನ ಧಾರವಾಡದ ಕೆಲಗೇರಿಯಲ್ಲಿರುವ ಮೇಡಂ ಮನೆಯಿಂದ ಮತ್ತೆ ವಿದ್ಯಾ ಅಕ್ಕನ ಫೋನ್. ಸ್ಪೀಕರ್ ಆನ್ ಇತ್ತು.
“ಹತ್ತನೇ ಕ್ಲಾಸಿನವು ಶನಿವಾರದ ಸಾಲಿ ಬಿಟ್ಟ ಕೂಡಲೇ ಯುನಿಫಾರ್ಮ್ ಮ್ಯಾಲೇ ಬಂದಿದ್ವು. ಒಬ್ಬಾಕಿ ಅಳಕೋತ ಕೇಳ್ತಾಳ, ‘ಅಕ್ಕಾರ, ಸೋಮವಾರ ಬೆಂಜೀನ್ ಮಾಡಸ್ತೇನಿ ಅಂದಿದ್ರು ಮೇಡಂ... ಇನ್ನ ಯಾರ್ ಮಾಡಸ್ತಾರ್ರಿ?’ ನಾ ಏನ್ ಹೇಳ್ಲಿ ಪೂಜಾ? ನಾ ಓದಿದ್ದು ಆರ್ಟ್ಸ್!”
ಅಕ್ಕ ಅಳುತ್ತಾ ನಕ್ಕಳು. ನಾನೂ.

ಸೊಪ್ಪು ಸೋಸುತ್ತಿದ್ದ ಅತ್ತೆ ತಲೆಯೆತ್ತಿದರು.
“ಏನದು ಬೆಂಜೀನು? ತಿನ್ನೋದಾ?”
ಎಬ್ಬಿಸಿ ಕೈ ಹಿಡಿದೆ!
“ನೀವು ಕಾರ್ಬನ್ ಅತ್ತೆ, ನಾನೂ ಕಾರ್ಬನ್. ರೀ, ನೀವೂ ಬನ್ನಿ!”
ಮೂವರಿಗೇ ಅಡುಗೆಮನೆ ಸಾಲಲಿಲ್ಲ. “ಬಿಡೇ, ಸೊಪ್ಪೆಲ್ಲ ತುಳಿದೆ!” ಎಂದು ಅತ್ತೆ ನಗಲು ಶುರು ಮಾಡಿದರು.
ಆಮೇಲೆ ಬಗ್ಗಿ ಸೊಪ್ಪು ಆರಿಸುತ್ತಾ...
“ಸಾವಿನ ಮನೆಗೆ ಬೇಡ ಅಂದೆ. ಸ್ಕೂಲಿಗೆ ಬೇಡ ಅಂದ್ನಾ? ಹೆಂಗೂ ಆಷಾಢಕ್ಕೆ ಧಾರವಾಡಕ್ಕೆ, ತವರಿಗೆ ಹೋಗ್ಬೇಕು. ಸ್ವಲ್ಪ ಮುಂಚೆ ಹೋಗು. ತಿಂಗಳು ಪೂರ್ತಿ ಆ ಮಕ್ಕಳಿಗೆ ಹೇಳಿಕೊಡು.”

ಅತ್ತೆ!!! ಐ ಲವ್ ಯೂ!!!
ನನ್ನ ಕೆಲಸ ಶುರುವಾಗುವುದು ಶ್ರಾವಣದಲ್ಲಿ. ಅಲ್ಲಿಯವರೆಗೆ ನಾನು ಫ್ರೀ!
ಆಷಾಢ ಬರುತ್ತಿದೆ ಎಂದು ಕುಣಿದ ಹೊಸ ಹೆಂಡತಿ ಲೋಕದಲ್ಲಿ ನಾನೊಬ್ಬಳೇ ಇರಬೇಕು... ಸಾರಿ ಹಬ್ಬಿ!

ಹೆಡ್‌ಮಾಸ್ಟರ್ ಸರ್‌ಗೆ ಫೋನ್ ಮಾಡಿದೆ.
“ಬಾರವಾ ಪೂಜಾ. ಆಕಿ ಪೀರಿಯಡ್ ಪಿಟಿಗೆ ಕೊಡೂದಂತ ಮಾಡಿದ್ದೆ. ಸರಿಯಾದ ಹೊತ್ತಿಗೆ ಫೋನ್ ಮಾಡಿದಿ.”

ಮೇಡಂ, ನೀವು ಲಿಂಗದೊಳಗೆ ಒಂದಾದಿರಿ.
ಇನ್ನು ನಿಮಗೆ ಬೆಲ್ ಇಲ್ಲ, ಪೇಪರ್ ಕಟ್ಟುಗಳಿಲ್ಲ, ಗಂಟಲು ನೋವಿಲ್ಲ... ತಣ್ಣಗೆ ಇರಿ.
ಹೋಗಿಬನ್ನಿ ಮೇಡಂ...

ಹತ್ತನೇ ಕ್ಲಾಸಿನ ತಂಗಿ ತಮ್ಮಂದಿರೇ,
ಬೆಂಜೀನ್ ಕ್ಯಾನ್ಸಲ್ ಆಗಿಲ್ಲ.
ಟಿಕೆಟ್ ಬುಕ್ ಆಯಿತು.
ಸೋಮವಾರ ಬೆಳಿಗ್ಗೆ, ಧಾರವಾಡ ಸ್ಟೇಷನ್, ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್.