ಹಮಾಲಿಯ ಕೋಟಿಗೊಂದು ಮೈ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಊರಿನ ವಸ್ತುಸಂಗ್ರಹಾಲಯದ ಹಿಂದಿನ ಕೋಣೆಯಲ್ಲಿ ಒಬ್ಬರು ಇನ್ನೊಬ್ಬರ ಹೊಟ್ಟೆಗೆ ಕೈ ಹಾಕಿ ಹತ್ತಿ ಹೊರಗೆಳೆಯುತ್ತಿದ್ದಾರೆ. ಹೆದರಬೇಡಿ, ಬಟ್ಟೆಯ ಹೊಟ್ಟೆ. ಗೋಡೆಯುದ್ದಕ್ಕೂ ತಲೆಯಿಲ್ಲದ ಜನ ನಿಂತಿದ್ದಾರೆ, ಎರಡು ಬಸ್ಸು ತುಂಬುವಷ್ಟು.

"ತಲೆ ಇಲ್ಲ ನೋಡಿ ಅಕ್ಕಾ, ಅದಕ್ಕೇ ಜಗಳ ಇಲ್ಲ," ಅನ್ನುತ್ತಾರೆ ಹಾಸಿಗೆ ಮಾವ.

ನನಗಿಂತ ಚಿಕ್ಕವರು, ಆದರೂ ಎಲ್ಲರಿಗೂ ಮಾವ, ಅವರ ಕೆಲಸ ನೋಡಲು ಬಂದ ನನಗೂ ಮಾವ. ಮೊದಲು ಹಾಸಿಗೆ ಹೊಲಿಯುತ್ತಿದ್ದರು. ಅಂಗಡಿಗೆ ಸ್ಪಂಜಿನ ಹಾಸಿಗೆ ಬಂದ ಮೇಲೆ ಹತ್ತಿಯನ್ನು ನಾಯಿಯೂ ಮೂಸಲಿಲ್ಲ. ಆಗ ಸಿಕ್ಕಿದ್ದು ಈ ಕೆಲಸ: ಹಳೇ ಕಾಲದ ಉಡುಪುಗಳಿಗೆ ತಕ್ಕ ಮೈ ಮಾಡಿಕೊಡುವುದು. ಹಳೇ ಬಟ್ಟೆಗೆ ಸೂಜಿ ತಾಗಿಸುವಂತಿಲ್ಲ. ಬಿಗಿಯಾದರೆ ಮೈಯೇ ಕರಗಬೇಕು, ಸಡಿಲವಾದರೆ ಮೈಯೇ ಉಬ್ಬಬೇಕು. ಹೇಳಿದ ತಕ್ಷಣ ತೆಳ್ಳಗಾಗುವ ಜನ ಭೂಮಿಯ ಮೇಲೆ ಇವರ ಬಳಿ ಮಾತ್ರ ಇದ್ದಾರೆ.

ತಿಂಡಿ ಡಬ್ಬಿ ತಂದ ಹೆಂಡತಿ ಬಾಗಿಲಲ್ಲೇ ಶುರು ಮಾಡುತ್ತಾರೆ: "ಮನೇಲಿ ದಿಂಬು ಹರಿದು ಹತ್ತಿ ಹಾರ್ತಿದೆ. ಇವರು ಇಲ್ಲಿ ಸತ್ತೋರ ಹೊಟ್ಟೆ ತುಂಬಿಸ್ತಾ ಕೂತಿದ್ದಾರೆ."

"ಅವರು ಊಟ ಕೇಳಲ್ಲ ಕಣೇ. ನೀನು ಬಡಿಸೋದು ನನಗೊಬ್ಬನಿಗೇ," ಅನ್ನುತ್ತಾ ಮಾವ ಸೂಜಿಗೆ ದಾರ ಪೋಣಿಸುತ್ತಾರೆ. ಬಾಯಲ್ಲಿ ನಗು, ಕಣ್ಣು ಮಾತ್ರ ಬಾಗಿಲ ಕಡೆ.

ಕಾರಣ ಒಂದು ಕೋಟು. ರೈಲು ನಿಲ್ದಾಣದಲ್ಲಿ ಮೂಟೆ ಹೊತ್ತ ಹಮಾಲಿಯೊಬ್ಬರದು. ಇಲ್ಲಿ ಸಾಹುಕಾರರ, ಅಧಿಕಾರಿಗಳ ಉಡುಪಿಗೆ ಬರವಿಲ್ಲ. ಬೆವರು ಕುಡಿದ ಬಟ್ಟೆ ಇದೊಂದೇ. ಹೋದ ತಿಂಗಳು, ಕೋಟನ್ನು ಇಲ್ಲಿಗೆ ಕೊಟ್ಟಿದ್ದ ಅವರ ಮಗಳು ನೋಡಲು ಬಂದಳು. ಮಾವ ಮಾಡಿದ್ದ ಮೈ ಮದುಮಗನೂ ನಾಚುವಷ್ಟು ನೆಟ್ಟಗಿತ್ತು.

"ಇದ್ಯಾರು? ನಮ್ಮಪ್ಪ ಅಲ್ಲ. ಕೋಟು ವಾಪಸ್ ಕೊಡಿ," ಎಂದುಬಿಟ್ಟಳು.

ಸಂಗ್ರಹಾಲಯದ ಮೇಲ್ವಿಚಾರಕಿ ಸಮಾಧಾನ ಹೇಳಿ ಸೋತರು. ಮಾವ ಕೇಳಿದ್ದಿಷ್ಟೇ: "ನಿಮ್ಮಪ್ಪ ಹೆಂಗೆ ನಿಲ್ತಿದ್ರು ತಾಯಿ? ಸ್ವಲ್ಪ ನಿಂತು ತೋರ್ಸಿ."

ಮಗಳು ಕೈಚೀಲವನ್ನು ಮೇಲ್ವಿಚಾರಕಿಯ ಕೈಗೆ ಕೊಟ್ಟು, ಎಡ ಹೆಗಲು ಇಳಿಬಿಟ್ಟು, ಕುತ್ತಿಗೆ ಬಲಕ್ಕೆ ವಾಲಿಸಿ, ಒಂದು ಮೊಣಕಾಲು ಮಡಿಸಿ ಕಾರಿಡಾರಿನಲ್ಲೇ ನಿಂತಳು. ಮಾವ ಟೇಪು ಹಿಡಿದು ಅವಳ ಸುತ್ತ ಬಂದರು.

"ಒಂದು ತಿಂಗಳು ಕೊಡಿ."

"ಕೊಡ್ತೀನಿ. ಆಗಲೂ ಅಪ್ಪ ಕಾಣ್ಲಿಲ್ಲ ಅಂದ್ರೆ ತಗೊಂಡು ಹೋಗೋದೇ."

ಆ ಗಡುವು ಇವತ್ತಿಗೆ ಮುಗಿಯುತ್ತದೆ. ಬೆಳಗ್ಗೆ ಹತ್ತಿ ಕಳೆದುಕೊಂಡದ್ದೂ ಹಮಾಲಿಯ ಹೊಟ್ಟೆಯೇ. ಮೂಟೆ ಹೊರುವವನಿಗೆ ಅಷ್ಟು ಬೊಜ್ಜು ಎಲ್ಲಿಂದ ಬರಬೇಕು ಎಂದು ಮಾವನಿಗೆ ಕೊನೇ ಗಳಿಗೆಯಲ್ಲಿ ಅನುಮಾನ.

ಕಾವಲುಗಾರ ಕದ ತೆರೆಯುವಷ್ಟರಲ್ಲಿ ಮಗಳು ಹಾಜರು. ಕೋಟು ತೊಟ್ಟ ಮೈಗೆ ಒಂದು ಸುತ್ತು ಬರುತ್ತಾಳೆ, ಇನ್ನೊಂದು ಸುತ್ತು ಬರುತ್ತಾಳೆ. ಮಾವ ಟೇಪನ್ನು ಬೆರಳಿಗೆ ಸುತ್ತುತ್ತಾರೆ, ಬಿಚ್ಚುತ್ತಾರೆ. ಅವಳು ಆ ಬಗ್ಗಿದ ಹೆಗಲಿನ ಎದುರು ಸೊಂಟಕ್ಕೆ ಕೈ ಇಟ್ಟು ನಿಲ್ಲುತ್ತಾಳೆ.

"ನೆಟ್ಟಗೆ ನಿಂತ್ಕೋ ಅಂತ ಅಮ್ಮ ಸಾಯೋವರೆಗೂ ಬೈದಳು. ಇಲ್ಲಿಗೆ ಬಂದೂ ಹಂಗೇ ನಿಂತಿದ್ದೀಯಲ್ಲ."

ಆಮೇಲೆ ಮೂಗೊರೆಸಿಕೊಂಡು, ಮೇಲ್ವಿಚಾರಕಿಯ ಕಡೆ ನೋಡದೆಯೇ, "ಇರ್ಲಿ, ಇಲ್ಲೇ ಇರ್ಲಿ. ಭಾನುವಾರ ನನ್ ತಮ್ಮನ್ನೂ ಕರ್ಕೊಂಡು ಬರ್ತೀನಿ," ಅನ್ನುತ್ತಾಳೆ.

ಅವಳು ಹೋದ ಮೇಲೆ ಕೇಳುತ್ತೇನೆ: ಕೋಟಿನ ಪಕ್ಕದ ಫಲಕದಲ್ಲಿ ನಿಮ್ಮ ಹೆಸರೂ ಬರೀಲಿ ಅಂತ ಆಸೆ ಇಲ್ವಾ ಮಾವ?

"ಏ, ಬೇಡ ಅಕ್ಕಾ. ಜನ ಕೋಟು ನೋಡ್ಬೇಕು, ಒಳಗಿನ ಹತ್ತಿ ಅಲ್ಲ," ಅನ್ನುತ್ತಾರೆ. ಉಳಿದ ಹತ್ತಿಯನ್ನು ಚೀಲಕ್ಕೆ ತುಂಬುತ್ತಾ ತಾವಾಗಿಯೇ ಸೇರಿಸುತ್ತಾರೆ: "ಆಯಮ್ಮ ನನ್ನ ಹತ್ತೀನ ಅಪ್ಪ ಅಂತ ನಿಲ್ಲಿಸ್ಕೊಂಡು ಬೈದಳಲ್ಲ. ಕೇಳಿಸ್ತಾ ನಿಮಗೆ?"