ಅಮೃತಯ್ಯನ ಪಾಲನ್ನೂ ಹೇಳಿದ ಸತ್ಯನಾಥ ಅಯ್ಯನವರು

ಹೊಸ ಒಡಂಬಡಿಕೆಯನ್ನು ಮೂಲ ಗ್ರೀಕಿನಲ್ಲಿಯೇ ಓದಿ, ಅದರ ತಿರುಳನ್ನು ಮಂಡ್ಯ ಸೀಮೆಯ ಗದ್ದೆಬಯಲಿನ ಜನಕ್ಕೂ ಮುಟ್ಟುವಂತೆ ತಿಳಿಗನ್ನಡದಲ್ಲಿ ಹೇಳಬಲ್ಲ ಬೋಧಕರು ನಮ್ಮ ಸಭೆಗಳಲ್ಲಿ ಬೆರಳೆಣಿಕೆಯಷ್ಟು. ಅವರಲ್ಲಿ ಮೊದಲು ನೆನಪಾಗುವವರು ಪೂಜ್ಯ ಸತ್ಯನಾಥ ಅಯ್ಯನವರು. ಸೆಮಿನರಿಯ ಗ್ರೀಕು ಬೋಧನೆಯಿಂದ ಈಗ ನಿವೃತ್ತರಾಗುತ್ತಿರುವ ಅವರ ಪಾಂಡಿತ್ಯವನ್ನು ಬಲ್ಲವರು ಈ ಅಭಿನಂದನ ಸಂಪುಟದಲ್ಲಿ ವಿಸ್ತರಿಸಿದ್ದಾರೆ. ಆ ಪಾಂಡಿತ್ಯ ಮೊಳಕೆಯೊಡೆದ ಬೇಸಗೆಯ ಸಂಗತಿ ಮಾತ್ರ ಇಲ್ಲಿದೆ.

ಕೊತ್ತತ್ತಿಯ ಹುಚ್ಚೀರಯ್ಯನವರ ಮಗ ಸತ್ಯನಾಥರು ಸೆಮಿನರಿ ಸೇರಿದ್ದು ೧೯೪೧ರಲ್ಲಿ. ಹೊಸ ವಿದ್ಯಾರ್ಥಿಗಳನ್ನು ಮಳವಳ್ಳಿಯಾಚೆಯ ಹಳೆಯ ಮಿಷನ್ ಬಂಗಲೆಯಲ್ಲಿಟ್ಟು, ಬೇಸಗೆಯುದ್ದಕ್ಕೂ ಗ್ರೀಕು ಒಂದನ್ನೇ ಅರೆದು ಕುಡಿಸುವ ಪದ್ಧತಿ ಆಗ ಇತ್ತು. ಕೊನೆಗೆ ಬಾಯಿಪರೀಕ್ಷೆ, ಅದರಲ್ಲಿ ತಪ್ಪಿದವನು ಪೆಟ್ಟಿಗೆ ಹೊತ್ತು ಊರಿಗೆ ಮರಳಬೇಕು. ಮಗ ಬೋಧಕನಾಗಿ ಬರುತ್ತಾನೆಂದು ಊರೆಲ್ಲ ಹೇಳಿಕೊಂಡು ಬಂದಿದ್ದ ತಂದೆಯ ಮುಖ ನೆನೆದು ಸತ್ಯನಾಥರು ರಾತ್ರಿಯೂ ಪುಸ್ತಕ ಮುಚ್ಚುತ್ತಿರಲಿಲ್ಲ.

ಗುರುಗಳಾದ ಎಲೀಯ ಮೇಷ್ಟರು ಪರೀಕ್ಷೆಗೆ ಇಬ್ಬಿಬ್ಬರನ್ನು ಒಂದೇ ಬೆಂಚಿನಲ್ಲಿ ಕೂರಿಸಿ, ಕ್ರಿಯಾಪದದ ರೂಪಗಳನ್ನು ಸರದಿಯಂತೆ ಹೇಳಿಸುತ್ತಿದ್ದರು: ಒಂದನ್ನು ಇವನು, ಮುಂದಿನದನ್ನು ಅವನು. ಜೊತೆಗಾರನಾದ ನಿಡಘಟ್ಟದ ಅಮೃತಯ್ಯ ಅದರಲ್ಲೊಂದು ಸಲೀಸಾದ ದಾರಿ ಕಂಡುಕೊಂಡ.

“ಎಲ್ಲಾನೂ ಇಬ್ರೂ ಯಾಕ್ಲಾ ಒರ್ಬೇಕು? ನಿನ್ ಪಾಲ್ದು ನೀ ಕಲಿ, ನನ್ ಪಾಲ್ದು ನಾ ಕಲೀತೀನಿ.”

“ನೀ ಅವತ್ತು ಬರ್ದೇ ಹೋದ್ರೆ ನನ್ ಗತಿ?”

“ಬರ್ದೆ ಎಲ್ಲೋಯ್ತೀನ್ಲಾ? ನಿನ್ ಬೆನ್ನಿಗಂಟ್ಕಂಡೇ ಕೂತಿರ್ತೀನಿ, ನಡಿ!”

ಹಾಗೆಯೇ ಆಯಿತು. ಉರಿಮಧ್ಯಾಹ್ನ, ಮಿಕ್ಕವರು ಮಲಗಿರುವಾಗ, ಇವರಿಬ್ಬರು ಹುಣಸೆಮರದಡಿ ಬೆನ್ನಿಗೆ ಬೆನ್ನು ಕೊಟ್ಟು ಕುಳಿತು ಸರದಿಯಲ್ಲಿ ಒಪ್ಪಿಸುತ್ತಿದ್ದರು.

ಪರೀಕ್ಷೆ ಹತ್ತಿರವಾಗುವಾಗ ಅಮೃತಯ್ಯನಿಗೆ ಚಳಿಜ್ವರ ಹಿಡಿಯಿತು. ಗಾಡಿ ಕಟ್ಟಿ ಅವನನ್ನು ಊರಿಗೆ ಕಳಿಸಿದರು. ಆಮೇಲೆ ಬಂದದ್ದು ಸಾವಿನ ಸುದ್ದಿ.

ಸತ್ಯನಾಥರು ಅಳಲಿಲ್ಲ. ಅದೇ ಮರದಡಿ ಒಬ್ಬರೇ ಕುಳಿತು, ತಮ್ಮ ಪಾಲಿನ ರೂಪ ಹೇಳಿ, ಗೆಳೆಯನ ಪಾಲಿನಷ್ಟು ಹೊತ್ತು ಸುಮ್ಮನಿದ್ದು, ಮುಂದಿನದನ್ನು ಹೇಳುತ್ತಿದ್ದರು. ಕೇಳಿ ಕೇಳಿ ಅವನ ಪಾಲೂ ಅವರಿಗೆ ಬರುತ್ತಿತ್ತು. ಹೇಳಲು ಮಾತ್ರ ಬಾಯಿ ಬರುತ್ತಿರಲಿಲ್ಲ.

ಮಗಳ ಬಾಣಂತನಕ್ಕೆ ಕೊಪ್ಪಕ್ಕೆ ಹೋಗಿದ್ದ ಅಡುಗೆಯ ಚಿಕ್ಕಮಾದಮ್ಮ ಅಷ್ಟರಲ್ಲಿ ಹಿಂದಿರುಗಿದಳು. ನಡೆದದ್ದು ಆಕೆಗೆ ತಿಳಿಯದು. ಮಧ್ಯಾಹ್ನ ಸತ್ಯನಾಥರು ಒಳಗೆ ಬಂದರೆ ಎರಡು ತಟ್ಟೆ ಹಾಕಿದ್ದಳು.

“ಅಮೃತಯ್ಯ ಎಲ್ಲಪ್ಪಾ? ಮುದ್ದೆ ಆರೋಯ್ತದೆ, ಬರೇಳು.”

ಸತ್ಯನಾಥರು ಎರಡನೆಯ ತಟ್ಟೆಯನ್ನು ಎತ್ತಿ ಬದಿಗಿಟ್ಟರು.

“ಏನು, ಜಗಳ ಆಡ್ಕಂಡ್ರಾ? ಈಗ್ತಾನೆ ಮರದ್ ತಾವ ಇಬ್ರೂ ಬಡ್ಕತಿದ್ರಲ್ಲಾ. ನೀನೊಂದು ಅನ್ನಾದು, ಅವ್ನೊಂದು ಅನ್ನಾದು.”

“ಅವನ್ ದನಿ ಕೇಳಿಸ್ತಾ ಅಮ್ಮಾ?”

“ನಿಂದ್ಕಿಂತ ಚೆನ್ನಾಗೇ ಕೇಳುಸ್ತು ಕಣಪ್ಪಾ. ಗಂಟ್ಲು ಮಾತ್ರ ಕಟ್ಕಂಡಂಗಿತ್ತು.”

ಸಂಗತಿ ತಿಳಿದ ಮೇಲೆ ಆಕೆ ಮರದ ಕಡೆಯ ಕಿಟಕಿಯನ್ನು ತೆರೆಯಲೇ ಇಲ್ಲ. ಸತ್ಯನಾಥರಿಗೋ ಭಯವಾಗಲಿಲ್ಲ, ಹೊಟ್ಟೆಕಿಚ್ಚಾಯಿತು. ಮತ್ತೆ ಮರದಡಿ ಕುಳಿತು ಗೆಳೆಯನ ಸರದಿಗೆ ಕಿವಿಗೊಟ್ಟರು. ಆಕೆಗೆ ಕೇಳಿದ್ದು ತಮಗೆ ಒಮ್ಮೆಯೂ ಕೇಳಲಿಲ್ಲ. ಆ ಮೌನದ ಹೊತ್ತಿನಲ್ಲಿ ಬೆನ್ನಿಗೆ ಮಾತ್ರ ಸಣ್ಣಗೆ ಬಿಸಿ ತಾಕುತ್ತಿತ್ತು, ಜ್ವರದ ಮೈಯಂತೆ.

ಪರೀಕ್ಷೆಯ ದಿನ ಮೇಷ್ಟರು ಅವರೊಬ್ಬರನ್ನೇ ಕೂರಿಸಿದರು. ಸತ್ಯನಾಥರು ತಮಗರಿವಿಲ್ಲದೆ ಬೆಂಚಿನ ಒಂದು ತುದಿಗೆ ಸರಿದು, ಮೊದಲ ರೂಪ ಹೇಳಿ ನಿಲ್ಲಿಸಿದರು. ಮೂರನೆಯದನ್ನು ಹೇಳಿ ಮತ್ತೆ ನಿಲ್ಲಿಸಿದರು. ಕಣ್ಣು ಮುಚ್ಚಿ ಕುಳಿತ ಮೇಷ್ಟರು ಪ್ರತಿ ರೂಪಕ್ಕೂ ತಲೆದೂಗುತ್ತಿದ್ದರು, ಮೌನಕ್ಕೂ ತಲೆದೂಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು ಖಾಲಿ ತುದಿಯನ್ನು ನೋಡಿದವರೇ ಬಿಳುಚಿಕೊಂಡರು.

“ಉಳಿದರ್ಧವೂ ನನಗೆ ಕೇಳಿತು” ಎಂದರು ಮೆಲ್ಲಗೆ. “ಆದರೆ ಅವನನ್ನು ಎಷ್ಟು ದಿವಸ ಹೀಗೆ ಕೂರಿಸಿಕೊಳ್ಳುತ್ತೀಯಪ್ಪಾ? ದಣಿದಿದ್ದಾನೆ. ಅವನ ಪಾಲನ್ನೂ ನೀನೇ ಹೇಳು. ಇಲ್ಲದಿದ್ದರೆ ನಾನು ನಿನ್ನನ್ನು ಪಾಸು ಮಾಡುವುದಿಲ್ಲ.”

ಹೇಳಿದರೆ ಗೆಳೆಯ ಬರಬೇಕಾದ ಅಗತ್ಯ ಉಳಿಯದು. ಹೇಳದಿದ್ದರೆ ತಂದೆಯ ಮುಂದೆ ಪೆಟ್ಟಿಗೆ ಇಳಿಸಬೇಕು. ಸತ್ಯನಾಥರು ಖಾಲಿ ತುದಿಯ ಕಡೆ ಒಮ್ಮೆ ತಿರುಗಿ ನೋಡಿ, ಮೊದಲಿನಿಂದ ಆರಂಭಿಸಿ, ಎಲ್ಲಿಯೂ ನಿಲ್ಲದೆ, ಅಳುತ್ತಲೇ ಪೂರಾ ಒಪ್ಪಿಸಿದರು. ಕಡೆಯ ರೂಪ ಬಾಯಿಂದ ಹೊರಬಿದ್ದಾಗ ಬೆಂಚಿನ ಆ ತುದಿ, ಯಾರೋ ಎದ್ದಾಗ ಹಲಗೆ ಹಗುರಾಗುವಂತೆ, ಕಿರ್ರೆಂದಿತು. ಅಂದಿನಿಂದ ಬೆನ್ನಿಗೆ ಬಿಸಿ ತಾಕಲಿಲ್ಲ.

೧೯೪೭ರಲ್ಲಿ ದೀಕ್ಷೆ ಪಡೆದು, ಮದ್ದೂರಿನ ಸಭೆಯನ್ನು ನಡೆಸಿ, ಆಮೇಲೆ ಸೆಮಿನರಿಯಲ್ಲೇ ಗುರುವಾದ ಅಯ್ಯನವರು, ಜ್ವರ ಹಿಡಿದ ವಿದ್ಯಾರ್ಥಿಯನ್ನು ಎಂದೂ ಒಬ್ಬನನ್ನೇ ಊರಿಗೆ ಕಳಿಸಿದವರಲ್ಲ; ತಾವೇ ಜೊತೆಗೆ ಹೋಗಿ, ಹುಡುಗ ಗಂಜಿ ಕುಡಿಯುವವರೆಗೂ ಹಾಸಿಗೆಯ ಪಕ್ಕ ಕುಳಿತಿರುತ್ತಿದ್ದರು. ಹಾಗೆ ಬದುಕುಳಿದವರಲ್ಲಿ ಕೆಲವರು ಈ ಸಂಪುಟಕ್ಕೂ ಬರೆದಿದ್ದಾರೆ.

ಅಯ್ಯನವರ ಕಣ್ಣಿಗೆ ಬೆಳಕೂ ಕೈಗೆ ಕಸುವೂ ಇರಲಿ. ಕೈಗೆತ್ತಿಕೊಂಡಿರುವ ಸುವಾರ್ತೆಯ ಹೊಸ ಅನುವಾದ ಅವರಿಂದಲೇ ಮುಗಿಯಲಿ. ಆಚೆ ದಡದಲ್ಲಿ ಸರದಿಗೆ ಕುಳಿತವನು ಇಷ್ಟು ವರ್ಷ ಕಾದಿದ್ದಾನೆ, ಇನ್ನೂ ಬಹುಕಾಲ ಕಾಯಲಿ.